ಆ ಮುಖ ಯಾರದು, ಆ ಕಣ್ಣು ಯಾರದು

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಗ್ಯಾಲರಿಯ ಒಂದು ಕಲಾಕೃತಿಯನ್ನು ಇಲಿ ತಿಂದುಹಾಕಿತು. ಕಚ್ಚಿದ್ದಲ್ಲ, ಹರಿದಿದ್ದಲ್ಲ, ತಿಂದೇಬಿಟ್ಟಿತ್ತು. ಬೆಳಗ್ಗೆ ಉಗ್ರಾಣದ ಬಾಗಿಲು ತೆಗೆದರೆ ಗೋಡೆಗೆ ಒರಗಿಸಿಟ್ಟ ಚೌಕಟ್ಟಿನೊಳಗೆ ದೇವರಾಯನದುರ್ಗದ ಬೆಟ್ಟ ಅರ್ಧ ಮಾತ್ರ ಇತ್ತು. ಉಳಿದ ಅರ್ಧದ ಜಾಗದಲ್ಲಿ ಬರೀ ಹಲಗೆ. ನಾನು ಬಾಗಿಲ ಹತ್ತಿರವೇ ಕೂತುಬಿಟ್ಟೆ.

ನಮ್ಮ ಮುಖ್ಯಸ್ಥರು ಗಂಗಾಧರಯ್ಯನವರು. ಡ್ರಾಯಿಂಗ್ ಮೇಷ್ಟ್ರಾಗಿ ನಿವೃತ್ತರಾದ ಮೇಲೆ ಒಂದು ಟ್ರಸ್ಟಿನವರು ತುಮಕೂರಿನಲ್ಲಿ ಕಟ್ಟಿಸಿದ ಈ ಗ್ಯಾಲರಿಯನ್ನು ನೋಡಿಕೊಳ್ಳುತ್ತಿದ್ದರು. ಅವರು ಬಂದು ನೋಡಿ ತಲೆ ಮೇಲೆ ಕೈ ಹೊತ್ತರು. ಕಲಾವಿದರಿಗೆ ಫೋನ್ ಮಾಡಿದರೆ ಅವರು ಅಷ್ಟೇ ಬೆರಗಾಗಿ, "ಅಯ್ಯೋ, ಅದು ರಾಗಿ ಹಿಟ್ಟು ಸಾರ್. ಬೆಲ್ಲದ ಪಾಕದಲ್ಲಿ ಕಲಸಿ ಮೆತ್ತಿದ್ದೆ. ನಿಮಗೆ ಗೊತ್ತಿರ್ಲಿಲ್ವಾ?" ಅಂದರು.

ನಮಗೆ ಹೇಗೆ ಗೊತ್ತಿರಬೇಕು? ಚಿತ್ರದ ಹಿಂದೆ ಅಂಟಿಸಿದ್ದ ಚೀಟಿಯಲ್ಲಿ 'ಮಿಶ್ರ ಮಾಧ್ಯಮ' ಎಂದಷ್ಟೇ ಇತ್ತು. ಮಿಶ್ರ ಅಂದರೆ ಏನೇನು ಮಿಶ್ರ ಎಂದು ಯಾರೂ ಕೇಳಿರಲಿಲ್ಲ. ಗಂಗಾಧರಯ್ಯನವರು ಅವತ್ತೇ ನನ್ನನ್ನು ಕರೆದು ಹೇಳಿದರು: "ವಿಜಯಮ್ಮ, ಇವತ್ತಿಂದ ನಿಮ್ ಕೆಲ್ಸ ಇದೇ. ಒಂದೊಂದು ಚಿತ್ರ ಒಳಗೆ ಬಂದಾಗ್ಲೂ ಅದನ್ನ ಮಾಡಿದೋರನ್ನ ಎದುರಿಗೆ ಕೂರಿಸ್ಕೊಳ್ಳಿ. ಯಾವ ಸಾಮಾನು, ಯಾವ ಉಪಕರಣ, ಎಲ್ಲಿಂದ ತಂದಿದ್ದು, ಎಲ್ಲಾ ಕೇಳಿ ಬರ್ಕೊಳ್ಳಿ."

ನಾನು ಕಲೆ ಓದಿದವಳಲ್ಲ. ಮೊದಲು ಸತ್ಯಮಂಗಲದ ಒಂದು ಸಣ್ಣ ಕಾರ್ಖಾನೆಯ ಸ್ಟೋರ್ಸ್‌ನಲ್ಲಿದ್ದೆ. ಯಾವ ಬೋಲ್ಟು ಎಲ್ಲಿಂದ ಬಂತು, ಯಾವ ಯಂತ್ರಕ್ಕೆ ಹೋಯಿತು ಎಂದು ನೋಡಿಕೊಳ್ಳುವುದು ಅಲ್ಲಿನ ಕೆಲಸ. ಕಾರ್ಖಾನೆ ಮುಚ್ಚಿದಾಗ ಇಲ್ಲಿಗೆ ಬಂದೆ. ಈಗ ನಿವೃತ್ತಳಾಗಿ ಉಪ್ಪಾರಹಳ್ಳಿಯ ಮನೆಯಲ್ಲಿದ್ದೇನೆ. ನನ್ನ ಜಾಗಕ್ಕೆ ಬಂದಿರುವ ಹುಡುಗಿ ಮೊನ್ನೆ ಫೋನ್ ಮಾಡಿ, "ಮೇಡಂ, ಇದು ಬರೀ ಕೂತು ಟೈಪ್ ಮಾಡೋ ಕೆಲಸ ಅಲ್ವಾ?" ಅಂದಳು. ಅಲ್ಲ ಕಣಮ್ಮ. ಈ ಕೆಲಸದಲ್ಲಿ ನಾನು ಎಷ್ಟು ಸಲ ಎದೆ ಹಿಡಿದುಕೊಂಡು ಕೂತಿದ್ದೇನೆ ಎಂದು ಫೋನಿನಲ್ಲಿ ಹೇಳುವುದಕ್ಕೆ ಆಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ರಾಗಿ, ಬೆಲ್ಲ, ಸಗಣಿ, ಕೊಬ್ಬರಿ ನಾರು, ಇವೆಲ್ಲ ಸುಲಭ. ಮೂಸಿ ನೋಡಬಹುದು, ಮುಟ್ಟಿ ನೋಡಬಹುದು. ಕಂಪ್ಯೂಟರಿನಲ್ಲಿ ಮಾಡಿದ ಚಿತ್ರಗಳು ಬರತೊಡಗಿದ ಮೇಲೆ ನನಗೆ ನಿಜವಾದ ಕಷ್ಟ ಶುರುವಾಯಿತು. ಮೊದಲು ಬಂದದ್ದು ಒಂದು ಕೆರೆಯ ಚಿತ್ರ. ಫೋಟೋ, ಕೈಬರಹ, ಹಳೆ ನಕಾಶೆ, ಎಲ್ಲ ಸೇರಿಸಿ ಕಂಪ್ಯೂಟರಿನಲ್ಲಿ ಹೊಂದಿಸಿ, ಕಾಗದದ ಮೇಲೆ ಮುದ್ರಿಸಿ, ಮೇಲೆ ಕುಂಚದಿಂದ ಬಣ್ಣ ಎಳೆದಿದ್ದರು. ಗಂಗಾಧರಯ್ಯನವರಿಗೆ ಅದು ತುಂಬಾ ಇಷ್ಟವಾಗಿ ಕಿಟಕಿಯ ಎದುರಿಗೇ ಹಾಕಿಸಿದರು. ಉಪಕರಣ, ಮೂಲ ಎಂದು ನಾನು ಬಾಯಿ ತೆರೆದರೆ, "ಕಂಪ್ಯೂಟರ್ ತಾನೆ ಮಾಡಿದ್ದು? ಕಂಪ್ಯೂಟರ್ ಅಂತ ಬರೀರಿ, ಮುಗೀತು" ಎಂದರು.

ಬೇಸಿಗೆ ಕಳೆಯುವಷ್ಟರಲ್ಲಿ ಕೆರೆ ಗುಲಾಬಿ ಬಣ್ಣಕ್ಕೆ ತಿರುಗಿತು. ದಿನಾ ನೋಡುತ್ತಿದ್ದ ನಮಗೆ ಗೊತ್ತೇ ಆಗಿರಲಿಲ್ಲ. ಒಂದು ದಿನ ಕಲಾವಿದೆಯೇ ಬಂದು ಎದುರಿಗೆ ನಿಂತು, "ನನ್ ಕೆರೆಗೆ ಏನ್ ಮಾಡಿದ್ರಿ?" ಎಂದು ಕೂಗಿದಾಗಲೇ ನಮ್ಮ ಕಣ್ಣಿಗೆ ಬಿದ್ದದ್ದು. ನೀಲಿ ಶಾಯಿ ಪೂರ್ತಿ ಹಾರಿಹೋಗಿತ್ತು. ಯಾವ ಶಾಯಿ, ಯಾವ ಮುದ್ರಣ ಯಂತ್ರ, ಯಾರಿಗೂ ತಿಳಿಯದು. ಮತ್ತೆ ಮುದ್ರಿಸೋಣ ಎಂದು ಆಕೆ ಕೊಟ್ಟಿದ್ದ ಸಿ.ಡಿ. ಹಾಕಿದರೆ, ಆಕೆ ಚಿತ್ರ ಮಾಡಿದ ತಂತ್ರಾಂಶ ತೀರ ಹಳೆಯದು, ಈಗ ಎಲ್ಲೂ ಸಿಗದು, ಫೈಲು ತೆರೆಯಲೇ ಇಲ್ಲ. ಇಡೀ ಕೆರೆ ನಮ್ಮ ಕೈಯಲ್ಲಿದ್ದ ಆ ಸಿ.ಡಿ. ತಟ್ಟೆಯಲ್ಲಿತ್ತು, ಹೊರಗೆ ಬರುತ್ತಿರಲಿಲ್ಲ. ಆಕೆ ಅಳಲಿಲ್ಲ, ಬಯ್ಯಲಿಲ್ಲ. ಆ ತಟ್ಟೆಯನ್ನು ಬ್ಯಾಗಿಗೆ ಹಾಕಿಕೊಂಡು ಹೋದರು. ಮತ್ತೆ ನಮ್ಮ ಕಡೆ ಬರಲಿಲ್ಲ.

ಆಮೇಲೆ ಗಂಗಾಧರಯ್ಯನವರೇ ಕಟ್ಟುನಿಟ್ಟಾದರು. ಡಿಜಿಟಲ್ ಚಿತ್ರ ಯಾರೇ ತರಲಿ, ಮುದ್ರಿಸಿದ್ದರ ಜೊತೆಗೆ ಒಳಗಿನ ಪದರಗಳಿರುವ ಫೈಲೂ ಕೊಡಬೇಕು. ಪದರ ಅಂದರೆ, ತಿಳಿಯದವರಿಗೆ ಹೇಳುತ್ತೇನೆ, ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿದ ಹಾಗೆ. ಒಂದರಲ್ಲಿ ಆಕಾಶ, ಒಂದರಲ್ಲಿ ಮರ, ಒಂದರಲ್ಲಿ ಮನುಷ್ಯ. ಮೇಲಿಂದ ನೋಡಿದರೆ ಒಂದೇ ಚಿತ್ರ. ಒಂದೊಂದನ್ನೇ ಮರೆ ಮಾಡುತ್ತಾ ಹೋದರೆ ಕೆಳಗೆ ಏನಿತ್ತು ಎಂಬುದು ಗೊತ್ತಾಗುತ್ತದೆ. ನನ್ನ ಅರ್ಧ ಕೆಲಸ ಆ ಪದರಗಳನ್ನು ಬಿಡಿಸಿ ಕೇಳುವುದೇ ಆಯಿತು.

ಇತ್ತೀಚಿನ ವರ್ಷಗಳಲ್ಲಿ ಕೇಳಿದರೂ ಉತ್ತರ ಸಿಗದ ಚಿತ್ರಗಳು ಬರತೊಡಗಿದವು. ಹೆಸರಾದ ಹಿರಿಯ ಕಲಾವಿದರೊಬ್ಬರು ಸಂತೆಯ ಚಿತ್ರ ತಂದರು. ಮುದ್ರಣದ ಮೇಲೆ ಅವರದೇ ಕುಂಚದ ಗೆರೆಗಳಿದ್ದವು. ಮೂಲ ಎಲ್ಲಿಂದ ಸಾರ್ ಅಂದರೆ ತಮ್ಮ ತಲೆಯನ್ನು ಬೆರಳಿನಿಂದ ತಟ್ಟಿ ನಕ್ಕರು. ನಾನೂ ನಕ್ಕು ಬರೆಯಲು ಬಗ್ಗಿದೆ. ಚಿತ್ರದ ಕೆಳಗಿನ ಮೂಲೆಯಲ್ಲಿ, ಅವರ ಸಹಿಗಿಂತ ಕೆಳಗೆ, ಇನ್ನೊಂದು ಸಹಿ ಕಂಡಿತು. ಅರ್ಧ ಅಳಿಸಿದಂತಿತ್ತು. ಕನ್ನಡವಲ್ಲ, ಇಂಗ್ಲಿಷೂ ಅಲ್ಲ, ಯಾವ ಭಾಷೆಯೂ ಅಲ್ಲ.

"ಇದು ಯಾರ ಸಹಿ ಸಾರ್?"

ಅವರು ಕನ್ನಡಕ ಏರಿಸಿ ಬಗ್ಗಿ ನೋಡಿದರು. ಅದನ್ನು ಅವರೂ ಅವತ್ತೇ ಮೊದಲು ನೋಡುತ್ತಿದ್ದುದು. ಮುಖ ಬಿಳುಚಿಕೊಂಡಿತು. "ಮೊಬೈಲಲ್ಲಿರೋ ಎ.ಐ.ಗೆ ಎರಡು ಸಾಲು ಹೇಳಿದ್ದೆ ಕಣಮ್ಮ, ಹಿಂಗೊಂದು ಸಂತೆ ಬೇಕು ಅಂತ. ಅದು ಮಾಡಿಕೊಡ್ತು. ಮೇಲೆ ನಾನು ಬಣ್ಣ ಹಚ್ಚಿದೆ" ಎಂದು ಪಿಸುಗುಟ್ಟಿದರು. ಆ ಯಂತ್ರ ಎಷ್ಟು ಜನರ ಚಿತ್ರಗಳನ್ನು ನುಂಗಿ, ಯಾರ ಯಾರ ಸಹಿಗಳನ್ನು ಕಲಸಿ ಆ ಗೀಚು ಬರೆದಿತ್ತೋ! ಆಮೇಲೆ ಅವರು ಚಿತ್ರವನ್ನು ಪೇಪರಿನಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಎದ್ದರು.

ಅದಕ್ಕಿಂತ ದೊಡ್ಡ ಆಘಾತ ಇರಲಾರದು ಎಂದುಕೊಂಡಿದ್ದೆ. ಮುಂದಿನ ವರ್ಷ ನಂದೀಶ ಬಂದ.

ನಂದೀಶ ಗುಬ್ಬಿಯವನು, ಮೂವತ್ತರ ಒಳಗಿನ ಹುಡುಗ. ಶಿರಾ ಗೇಟ್ ಹತ್ತಿರ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಬ್ಯಾನರ್ ಡಿಸೈನ್ ಮಾಡುತ್ತಿದ್ದ. ಹುಟ್ಟುಹಬ್ಬದ ಶುಭಾಶಯ, ಭಾವಪೂರ್ಣ ಶ್ರದ್ಧಾಂಜಲಿ, ದಿನವಿಡೀ ಅದೇ. ಉಳಿದ ಹೊತ್ತಿನಲ್ಲಿ ತನ್ನದೇ ಚಿತ್ರ. ಗುಬ್ಬಿಯಲ್ಲಿ ಒಂದು ಹಳೆಯ ಫೋಟೋ ಸ್ಟುಡಿಯೋ ಬಾಗಿಲು ಹಾಕಿ ಎಷ್ಟೋ ಕಾಲವಾಗಿತ್ತು. ಮಾಲೀಕರು ತೀರಿಕೊಂಡಿದ್ದರು. ಮನೆಯವರು ಜಾಗ ಖಾಲಿ ಮಾಡುವಾಗ ಒಂದು ಟ್ರಂಕ್ ತುಂಬ ನೆಗೆಟಿವ್‌ಗಳನ್ನು ಕಸಕ್ಕೆ ಎಸೆಯುವುದರಲ್ಲಿದ್ದರು. ನಂದೀಶ ಕೇಳಿ ಇಸಿದುಕೊಂಡ. ಒಂದೊಂದನ್ನೂ ಸ್ಕ್ಯಾನ್ ಮಾಡಿ, ಮುಖಗಳನ್ನು ಕಂಪ್ಯೂಟರಿನಲ್ಲಿ ಹೊಂದಿಸಿ, ಕೊಬ್ಬರಿ ತುಂಬುವ ಗೋಣಿಚೀಲಗಳ ಮೇಲೆ ಮುದ್ರಿಸಿ, ಚೀಲಗಳನ್ನು ದಬ್ಬಳದಲ್ಲಿ ಹೊಲಿದು ಗೋಡೆಯಷ್ಟು ದೊಡ್ಡದೊಂದು ಕೃತಿ ಮಾಡಿದ್ದ. ಹೆಸರು 'ಊರು'. ಅದನ್ನು ಬಿಚ್ಚಿ ಹರಡಿದಾಗ ನಾನು ಎರಡು ಹೆಜ್ಜೆ ಹಿಂದೆ ಸರಿದು ನಿಂತೆ. ಒಂದು ಇಡೀ ಊರು ಗೋಣಿಯೊಳಗಿಂದ ಎದ್ದು ನಮ್ಮನ್ನೇ ನೋಡುತ್ತಿತ್ತು. ನಟ್ಟನಡುವೆ, ಎಲ್ಲರಿಗಿಂತ ದೊಡ್ಡದಾಗಿ, ಎರಡು ಜಡೆಯ ಒಬ್ಬ ಹುಡುಗಿ.

ಅವನನ್ನು ಎದುರಿಗೆ ಕೂರಿಸಿಕೊಂಡು ಕೇಳಿದೆ. ಸ್ಕ್ಯಾನರ್ ಯಾವುದು, ಬಟ್ಟೆಯ ಶಾಯಿ ಯಾವುದು, ದಾರ ಎಲ್ಲಿಯದು, ಎಲ್ಲ ಹೇಳಿದ.

"ಈ ನಡುವಿನ ಹುಡುಗಿ ಯಾರಪ್ಪ?"

"ಯಾರಿಗ್ ಗೊತ್ತು ಮೇಡಂ? ಊರೋರು ಯಾರೋ. ಪಾಸ್‌ಪೋರ್ಟ್ ಸೈಜ್ ಫೋಟೋಗೆ ಬಂದಿರ್ತಾರೆ."

"ಮುಖ ಏನಾದ್ರೂ ಬದಲಾಯಿಸಿದೀಯಾ?"

"ಕಣ್ಣು ಒಂದೇ ಮೇಡಂ. ಫೋಟೋ ಹೊಡೆಯೋ ಟೈಮಿಗೆ ಸರಿಯಾಗಿ ಕಣ್ ಮುಚ್ಚಿಬಿಟ್ಟವ್ಳೆ. ಮುಖ ಅಷ್ಟು ಚೆನ್ನಾಗೈತೆ, ಬಿಡೋಕೆ ಮನಸ್ಸಾಗ್ಲಿಲ್ಲ. ಬೇರೆ ನೆಗೆಟಿವಿಂದ ಒಂದ್ ಜೊತೆ ಕಣ್ ತಂದು ಕೂರಿಸ್ದೆ." ಅವನು ಹೆಮ್ಮೆಯಿಂದ ನಕ್ಕ. "ಅಂಗಡೀಲಿ ದಿನಾ ಮಾಡೋ ಕೆಲ್ಸಾನೇ. ಬ್ಯಾನರಲ್ಲಿ ಲೀಡರ್ ಕಣ್ ಮುಚ್ಕೊಂಡಿದ್ರೆ ಸುಮ್ನೆ ಬಿಡ್ತಾರಾ?"

ನಾನು ಬರೆದುಕೊಂಡೆ: ನಡುವಿನ ಮುಖ ಎರಡು ನೆಗೆಟಿವ್‌ಗಳಿಂದ, ವ್ಯಕ್ತಿಗಳು ಅಪರಿಚಿತರು. ಗೋಡೆಯ ಮೇಲಿನ ಫಲಕದಲ್ಲಿ ಅಷ್ಟೆಲ್ಲ ಹಾಕುವ ರೂಢಿ ಇರಲಿಲ್ಲ. 'ಗುಬ್ಬಿಯ ಹಳೆಯ ನೆಗೆಟಿವ್‌ಗಳು, ಗೋಣಿಯ ಮೇಲೆ ಡಿಜಿಟಲ್ ಮುದ್ರಣ, ದಾರ' ಎಂದು ಹಾಕಿದೆವು.

ಪ್ರದರ್ಶನ ಶುರುವಾದ ಮೇಲೆ ಒಂದು ಮಧ್ಯಾಹ್ನ ಒಳಗಿನ ಹಾಲಿನಿಂದ ಏನೋ ಬಿದ್ದು ಉರುಳಿದ ಸದ್ದಾಯಿತು. ಹೋಗಿ ನೋಡಿದರೆ ಸ್ಟೀಲಿನ ಊಟದ ಡಬ್ಬಿ. ಅದರ ಹಿಂದೆ ಐವತ್ತು ದಾಟಿದ ಒಬ್ಬ ಹೆಂಗಸು, ಎರಡೂ ಕೈ ಬಾಯಿಗೆ ಒತ್ತಿಕೊಂಡು 'ಊರು' ಚಿತ್ರದ ಎದುರಿಗೆ ನಿಂತಿದ್ದರು. ತಲೆ ತಿರುಗಿ ಬಿದ್ದಾರು ಎಂದು ಹಿಡಿದುಕೊಂಡೆ.

"ಇದು ಎಲ್ಲಿ ಸಿಕ್ತು ನಿಮ್ಗೆ? ಇವ್ಳು ಎಲ್ಲಿ ಸಿಕ್ಲು?"

"ಯಾರಮ್ಮ?"

"ನಮ್ಮಕ್ಕ. ನಮ್ ಪ್ರೇಮಕ್ಕ ಇವ್ಳು."

ಬೆಂಚಿನ ಮೇಲೆ ಕೂರಿಸಿ ನೀರು ಕೊಟ್ಟೆ. ಅವರ ಹೆಸರು ಸರೋಜ. ಕುಣಿಗಲ್‌ನ ಒಂದು ಹೈಸ್ಕೂಲಿನಲ್ಲಿ ಟೀಚರ್. ಶಿಕ್ಷಕರ ತರಬೇತಿಗೆಂದು ತುಮಕೂರಿಗೆ ಬಂದವರು, ಊಟದ ಬಿಡುವಿನಲ್ಲಿ ನೆರಳು ಹುಡುಕಿಕೊಂಡು ನಮ್ಮ ಕಟ್ಟಡದೊಳಕ್ಕೆ ಬಂದಿದ್ದರು. ಅವರು ಹುಟ್ಟಿ ಬೆಳೆದದ್ದು ಗುಬ್ಬಿಯಲ್ಲಿ. ಅಕ್ಕ ಪ್ರೇಮ ಇವರಿಗಿಂತ ಸ್ವಲ್ಪ ದೊಡ್ಡವಳು. ಕಾಲೇಜಿಗೆ ಹೋಗುತ್ತಿದ್ದಾಗ ಬೇರೆ ಜಾತಿಯ ಹುಡುಗನ ಜೊತೆ ಮನೆ ಬಿಟ್ಟು ಹೋದಳು. ಎಲ್ಲಿಗೆ ಎಂದು ಇವತ್ತಿಗೂ ಗೊತ್ತಿಲ್ಲ. ಅಪ್ಪ ಅವಳಿದ್ದ ಫೋಟೋಗಳನ್ನೆಲ್ಲ ಬಚ್ಚಲ ಒಲೆಗೆ ಹಾಕಿ ಸುಟ್ಟರು. ಅಕ್ಕ ತಂಗಿ ಒಟ್ಟಿಗಿದ್ದ ಫೋಟೋಗಳೂ ಹೋದವು. ಅವಳ ಹೆಸರು ಎತ್ತಬಾರದು ಎಂದು ತಾಯಿಯಿಂದ ಆಣೆ ಹಾಕಿಸಿಕೊಂಡರು. ಅಪ್ಪ ತೀರಿಕೊಂಡ ಮೇಲೆ ತಾಯಿ ಈಗ ಸರೋಜಮ್ಮನ ಜೊತೆಗೇ ಕುಣಿಗಲ್‌ನಲ್ಲಿದ್ದಾರೆ.

"ಮುಖ ಮರ್ತೇ ಹೋಗಿತ್ತು ಮೇಡಂ" ಅಂದರು ಸರೋಜಮ್ಮ. "ನೆನಪು ಮಾಡ್ಕೊಳಕ್ಕೆ ಕೂತ್ರೆ ಮೂಗು ಬರೋದು, ಗಲ್ಲ ಬರೋದು, ಎಲ್ಲಾ ಒಟ್ಟಿಗೆ ಬರ್ತಿರ್ಲಿಲ್ಲ. ಇವತ್ತು ನೋಡಿ, ಪೂರ್ತಿ ಬಂದು ನಿಂತವ್ಳೆ. ಅದೇ ಕಣ್ಣು. ನನ್ನೇ ನೋಡ್ತವ್ಳೆ."

ಅದೇ ಕಣ್ಣು ಎಂದಾಗ ನಾನು ತಿರುಗಿ ಚಿತ್ರ ನೋಡಿದೆ. ಆ ಕಣ್ಣು ಪ್ರೇಮಳದಲ್ಲ ಎಂದು ಆ ಹಾಲಿನಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. "ನಾಳೆನೂ ತರಬೇತಿ ಇದೆಯಲ್ಲ, ಇಲ್ಲಿಗೆ ಬನ್ನಿ. ಚಿತ್ರ ಮಾಡಿದೋರನ್ನ ಕರೆಸ್ತೀನಿ" ಎಂದಷ್ಟೇ ಹೇಳಿದೆ. ಅವರು ಬಾಗಿಲ ತನಕ ಹೋಗಿ ಮತ್ತೆ ವಾಪಸು ಬಂದು ಚಿತ್ರದ ಗಲ್ಲ ಸವರಿ ಹೋದರು. ಚಿತ್ರಗಳನ್ನು ಮುಟ್ಟಬಾರದು ಎಂದು ಎಲ್ಲರಿಗೂ ಹೇಳುವವಳು ನಾನೇ. ಅವತ್ತು ಸುಮ್ಮನೆ ನಿಂತಿದ್ದೆ.

ಗಂಗಾಧರಯ್ಯನವರಿಗೆ ಹೇಳಿದಾಗ ಅವರು ಕುರ್ಚಿಯಿಂದ ಎದ್ದೇಬಿಟ್ಟರು. "ವಿಜಯಮ್ಮ, ಇದು ಎಂಥಾ ಸಂಗತಿ ಕಣ್ರೀ! ಪತ್ರಿಕೆಯವ್ರನ್ನ ಕರೆಯೋಣ. ಕಳೆದುಹೋದ ಅಕ್ಕ ಚಿತ್ರದಲ್ಲಿ ಸಿಕ್ಕಿದ್ಲು ಅಂತ."

"ಸಾರ್, ಕಣ್ಣು ಬೇರೆಯವರದು."

"ಅದನ್ನ ಯಾಕ್ರೀ ಹೇಳೋಕೆ ಹೋಗ್ತೀರಾ? ಪಾಪ, ಇಷ್ಟು ವರ್ಷ ಆದ್ಮೇಲೆ ಒಂದು ಮುಖ ಸಿಕ್ಕಿದೆ. ಅದು ಪೂರ್ತಿ ಅವಳದಲ್ಲ ಅಂತ ಹೇಳಿ ನೀವೇನು ಸಾಧಿಸ್ತೀರಾ?"

ಮನೆಗೆ ಹೋಗಿ ಅಡುಗೆ ಮಾಡುವಾಗಲೂ ಅದೇ ಯೋಚನೆ. ಒಂದು ಸಲ ಸುಮ್ಮನಿರೋಣ ಅನ್ನಿಸುತ್ತಿತ್ತು. ಇನ್ನೊಂದು ಸಲ ಆ ಹೆಂಗಸು ಚಿತ್ರದ ಗಲ್ಲ ಸವರಿದ್ದು ಕಣ್ಣಿಗೆ ಬರುತ್ತಿತ್ತು. ಬೆಳಗ್ಗೆ ಬಂದವಳೇ ಅವರ ಮೇಜಿನ ಮುಂದೆ ನಿಂತು ಹೇಳಿದೆ: "ಸಾರ್, ಆ ಫೋಟೋ ಹಿಡ್ಕೊಂಡು ಅವ್ರು ಅಕ್ಕನ್ನ ಹುಡುಕೋಕೆ ಹೊರಟ್ರೆ? ಇನ್ಯಾರದೋ ಕಣ್ಣಿಟ್ಟು ಹೆಂಗೆ ಹುಡುಕ್ತಾರೆ?" ಅವರು "ಹೇಳಿ. ಆದ್ರೆ ನೀವೇ ಹೇಳಿ, ನಾನು ಅಲ್ಲಿರಲ್ಲ" ಎಂದರು. ಪತ್ರಿಕೆಯ ಮಾತು ಮತ್ತೆ ಎತ್ತಲಿಲ್ಲ.

ಮಧ್ಯಾಹ್ನ ನಂದೀಶ ಟ್ರಂಕಿನಿಂದ ಆ ನೆಗೆಟಿವ್‌ಗಳನ್ನು ಹುಡುಕಿ ತಂದಿದ್ದ. ಸರೋಜಮ್ಮ ಅವನ ಕೈ ಹಿಡಿದುಕೊಂಡು, "ನೀನು ಏನ್ ಮಾಡಿದೀಯ ಅಂತ ನಿಂಗೆ ಗೊತ್ತಿಲ್ಲ ಕಣಪ್ಪ" ಎಂದರು. ಅವನಿಗೆ ಸಂತೋಷ, ನಾಚಿಕೆ. ನಾನು ಅವರನ್ನು ನನ್ನ ಮೇಜಿನ ಕಂಪ್ಯೂಟರ್ ಮುಂದೆ ಕೂರಿಸಿದೆ. ಹೇಗೆ ಶುರು ಮಾಡಬೇಕು ಎಂದು ತಿಳಿಯಲಿಲ್ಲ.

"ಸರೋಜಮ್ಮ, ಈ ಮುಖದಲ್ಲಿ ಒಂದು ಭಾಗ ನಿಮ್ಮಕ್ಕನದಲ್ಲ. ಫೋಟೋದಲ್ಲಿ ಅವ್ರು ಕಣ್ ಮುಚ್ಚಿದ್ರು. ಕಣ್ಣು ಬೇರೆ ಫೋಟೋದಿಂದ ತಂದು ಹಾಕಿರೋದು."

ಅವರಿಗೆ ಅರ್ಥವಾಗಲಿಲ್ಲ. "ಇಲ್ಲ ಇಲ್ಲ. ಆ ಕಣ್ಣು ನಂಗೆ ಚೆನ್ನಾಗ್ ಗೊತ್ತು" ಅಂದರು. ನಾನು ನಂದೀಶನ ಕಡೆ ನೋಡಿದೆ. ಅವನು ಒಂದು ಪದರವನ್ನು ಮರೆ ಮಾಡಿದ.

ಪರದೆಯ ಮೇಲೆ ಹುಡುಗಿ ಕಣ್ಣು ಮುಚ್ಚಿದಳು.

ಸರೋಜಮ್ಮ "ಅಯ್ಯೋ" ಎಂದು ಕುರ್ಚಿ ಸಮೇತ ಹಿಂದಕ್ಕೆ ಸರಿದರು. ಕಣ್ಣೆದುರಿಗೇ ಯಾರೋ ಸತ್ತಂತೆ ಆಯಿತು ನನಗೂ. ನಂದೀಶನ ಕೈ ಇಲಿಯಂಥ ಆ ಮೌಸಿನ ಮೇಲೆ ಹಾಗೇ ನಿಂತಿತು. ಸರೋಜಮ್ಮನೇ ಕೇಳಿದರು, ಧ್ವನಿ ಗಟ್ಟಿಯಾಗಿತ್ತು:

"ಹಂಗಾದ್ರೆ ಆ ಕಣ್ ಯಾರ್ದು? ನಿನ್ನೆ ನನ್ನ ನೋಡಿದ್ದು ಯಾರು?"

"ಗೊತ್ತಿಲ್ಲ ಅಕ್ಕ. ಇದೇ ಫಿಲ್ಮಿನ ಪಕ್ಕದ ಫೋಟೋ. ಬೆಳಕು ಒಂದೇ ಥರ ಇತ್ತು, ಅದಕ್ಕೆ ಸರಿಯಾಗಿ ಕೂತ್ಕೊಂಡ್ತು." ಅವನು ಇನ್ನೊಂದು ಫೈಲು ತೆರೆದ.

ಅದೇ ಮಡಿಕೆ ಬಿದ್ದ ಪರದೆ, ಅದೇ ಸ್ಟೂಲು. ಸ್ವಲ್ಪ ಚಿಕ್ಕ ಹುಡುಗಿ. ಎರಡು ಜಡೆ ಮೇಲೆತ್ತಿ ಕಟ್ಟಿ ರಿಬ್ಬನ್ ಹಾಕಿಕೊಂಡಿದ್ದಾಳೆ. ಬೆದರಿದವಳಂತೆ ನೆಟ್ಟಗೆ ಕ್ಯಾಮೆರಾ ನೋಡುತ್ತಿದ್ದಾಳೆ.

ಸರೋಜಮ್ಮ ಬೆರಳು ಚಾಚಿ ಪರದೆ ಮುಟ್ಟಿದರು. ಸಣ್ಣಗೆ ಹೇಳಿದರು.

"ಇದು ನಾನು."

ನಾನು ಅವರ ಮುಖ ನೋಡಿದೆ, ಪರದೆ ನೋಡಿದೆ, ಮತ್ತೆ ಅವರ ಮುಖ ನೋಡಿದೆ. ನಿನ್ನೆಯಿಂದ ಎದುರಿಗೇ ಇದ್ದ ಕಣ್ಣುಗಳು. ವಯಸ್ಸಾಗಿದೆ, ಸುತ್ತ ಗೆರೆ ಬಿದ್ದಿದೆ, ಆದರೆ ಅವೇ. ನಂದೀಶ ಕೈ ಸುಟ್ಟವನ ಹಾಗೆ ಮೇಜಿನಿಂದ ಎದ್ದು ಗೋಡೆಗೆ ಒರಗಿ ನಿಂತ.

ಸರೋಜಮ್ಮನಿಗೆ ಒಂದೊಂದಾಗಿ ನೆನಪಾಯಿತು. ಪರೀಕ್ಷೆಯ ಅರ್ಜಿಗೆ ಫೋಟೋ ಬೇಕೆಂದು ಇಬ್ಬರೂ ಒಟ್ಟಿಗೆ ಸ್ಟುಡಿಯೋಗೆ ಹೋಗಿದ್ದರು. ಬೆಳಕು ಹತ್ತಿದ ಕೂಡಲೇ ಪ್ರೇಮ ಕಣ್ಣು ಮುಚ್ಚಿದಳು. ಸ್ಟುಡಿಯೋದವರು ಗದರಿದರು, ಇವಳು ಕಿಸಕ್ಕನೆ ನಕ್ಕಳು, ಪ್ರೇಮ ಇವಳ ತೊಡೆ ಚಿವುಟಿದಳು. ಆಮೇಲೆ ಇವಳ ಸರದಿ, ಆಮೇಲೆ ಪ್ರೇಮಳದು ಇನ್ನೊಂದು ಸಲ. ಆ ಎರಡನೆಯದು ಚೆನ್ನಾಗಿ ಬಂತು. ಚೆನ್ನಾಗಿ ಬಂದದ್ದು ಮನೆಗೆ ಬಂತು, ಮನೆಗೆ ಬಂದದ್ದು ಒಲೆಗೆ ಹೋಯಿತು. ಅದರ ನೆಗೆಟಿವನ್ನೂ ಅಪ್ಪ ಸ್ಟುಡಿಯೋದಲ್ಲಿ ಕತ್ತರಿಸಿಕೊಂಡು ತಂದು ಸುಟ್ಟಿದ್ದರು. ಕೆಟ್ಟದ್ದೊಂದೇ ಸ್ಟುಡಿಯೋದ ಟ್ರಂಕಿನಲ್ಲಿ ಉಳಿದಿತ್ತು.

"ಸಾರಿ ಅಕ್ಕ" ಅಂದ ನಂದೀಶ. ಅವನಿಗೆ ಅಳು ಬಂದಿತ್ತು. "ಬ್ಯಾನರ್ ಮಾಡ್ದಂಗೆ ಮಾಡ್ಬಿಟ್ಟೆ. ಬೇರೆ ಮನೆಯವ್ರು ಇರ್ತಾರೆ ಅಂತ ತಲೆಗೇ ಬರ್ಲಿಲ್ಲ."

ಸರೋಜಮ್ಮ ಅವನನ್ನು ಬಯ್ಯಲಿಲ್ಲ. ಪ್ರೇಮಳ ಎರಡೂ ಮುಖ ಬೇಕು ಎಂದರು, ಕಣ್ಣು ತೆರೆದದ್ದೂ ಮುಚ್ಚಿದ್ದೂ. ಅವನು ಎರಡನ್ನೂ ಮುದ್ರಿಸಿ, ಜೊತೆಗೆ ಆ ನೆಗೆಟಿವ್ ಪಟ್ಟಿಯನ್ನೂ ಅವರ ಕೈಗಿಟ್ಟ. ಆಮೇಲೆ ಅವರು ನನ್ನ ಕಡೆ ತಿರುಗಿ, "ಅಮ್ಮಂಗೆ ನಾನೊಬ್ಳೇ ಹೇಳಕ್ಕಾಗಲ್ಲ ಅಕ್ಕ. ನೀವೂ ಬನ್ನಿ" ಎಂದರು. ಅಲ್ಲಿಯ ತನಕ ಮೇಡಂ ಎನ್ನುತ್ತಿದ್ದವರು.

ಭಾನುವಾರ ನಂದೀಶನೂ ನಾನೂ ಕುಣಿಗಲ್ ಬಸ್ಸು ಹತ್ತಿದೆವು. ಸರೋಜಮ್ಮನ ಮನೆ ಮುಂದಿನ ಜಗಲಿಯ ಮೇಲೆ ಅವರ ತಾಯಿ ನಂಜಮ್ಮನವರು ಮೊರ ಮುಂದಿಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ವಯಸ್ಸಾಗಿದ್ದರೂ ಬೆರಳು ಚುರುಕಾಗಿತ್ತು. ಸರೋಜಮ್ಮ ಎಲ್ಲಾ ವಿಷಯ ಮೊದಲೇ ಹೇಳಿರಲಿಲ್ಲ. ಪ್ರೇಮಕ್ಕನ ಫೋಟೋ ಸಿಕ್ಕಿದೆ ಎಂದಷ್ಟೇ ಹೇಳಿದ್ದರು. ತಾಯಿಗೆ ಜೀವ ಇರುವ ಮುಖ ಕಾಣಲಿ ಎಂದು ಕಣ್ಣು ತೆರೆದ ಫೋಟೋವನ್ನೇ ಮೊದಲು ಕೈಗಿಟ್ಟರು.

ನಂಜಮ್ಮನವರು ಸೆರಗಿಗೆ ಕೈ ಒರೆಸಿಕೊಂಡು, ಅದನ್ನು ದೂರ ಹಿಡಿದು, ಹತ್ತಿರ ತಂದು ನೋಡಿದರು.

"ಇದ್ಯಾಕೆ ನಿನ್ ಫೋಟೋ ಕೊಡ್ತೀಯ ಸರೋಜ? ಪ್ರೇಮುಂದು ಅಂದೆಯಲ್ಲ?"

ನಂದೀಶ ತಲೆ ತಗ್ಗಿಸಿದ. ಸರೋಜಮ್ಮ ಕಣ್ಣು ಮುಚ್ಚಿದ ಎರಡನೆಯ ಫೋಟೋ ಕೊಟ್ಟರು.

ನಂಜಮ್ಮನವರು ಅದನ್ನು ದೂರ ಹಿಡಿಯಲಿಲ್ಲ, ಹತ್ತಿರ ತರಲಿಲ್ಲ. ಮೊರ ಪಕ್ಕಕ್ಕೆ ಸರಿಸಿ ಫೋಟೋವನ್ನು ಮಡಿಲಲ್ಲಿಟ್ಟುಕೊಂಡರು. ಮುಚ್ಚಿದ ರೆಪ್ಪೆಗಳ ಮೇಲೆ ಹೆಬ್ಬೆರಳು ಆಡಿಸಿದರು. ಎಷ್ಟೋ ವರ್ಷ ಬಾಯಿಗೆ ತರದ ಹೆಸರು, ದಿನಾ ಬೆಳಗ್ಗೆ ಕರೆಯುವ ಹಾಗೆ ಬಂತು:

"ಪ್ರೇಮಾ, ಏಳೇ. ಹೊತ್ತಾಯ್ತು."

ಸರೋಜಮ್ಮ ಒಳಕ್ಕೆ ಓಡಿದರು. ಅವರು ಅತ್ತದ್ದು ಬೀದಿಗೆ ಕೇಳುತ್ತಿತ್ತು. ನಾನು ಆ ಹೊತ್ತು ಏನು ಮಾಡಿದೆ ಎಂದು ನನಗೆ ನೆನಪಿಲ್ಲ. ಆಮೇಲೆ ನೋಡಿದರೆ ಕೈ ತಾನಾಗಿ ಅವರೆಕಾಯಿ ಸುಲಿಯುತ್ತಿತ್ತು.

ನಂದೀಶ ನಂಜಮ್ಮನವರ ಕಾಲ ಬಳಿ ಕೂತು ಎಲ್ಲವನ್ನೂ ತಾನೇ ಹೇಳಿದ. ಗೋಣಿಚೀಲ, ದೊಡ್ಡ ಚಿತ್ರ, ಕಣ್ಣು ಬದಲಾಯಿಸಿದ್ದು. "ಬ್ಯಾಡ ಅಂದ್ರೆ ಆ ಮುಖಾನೇ ಬಿಚ್ಚಿ ತೆಗೆದಾಕ್ತೀನಿ ಅಜ್ಜಿ."

"ಯಾಕ್ ತೆಗೀತಿಯಪ್ಪ? ಅದ್ನ ಜನ ನೋಡ್ತಾರಾ?"

"ನೋಡ್ತಾರೆ. ಬೇರೆ ಬೇರೆ ಊರಿಗೂ ಹೋಗುತ್ತೆ."

"ಹಂಗಾರೆ ಬುಡು. ಕಣ್ಣೂ ಹಂಗೇ ಇರ್ಲಿ. ಎಲ್ಲಾದ್ರೂ ಅವ್ಳು ಕಂಡ್ರೆ ತಂಗಿ ಕಣ್ ಗುರ್ತು ಹಿಡಿದಾಳು." ನನ್ನ ಕಡೆ ತಿರುಗಿದರು. "ಅದರ ಕೆಳ್ಗೆ ಬರಿಯೋರು ನೀವಂತೆ?"

"ಹೌದಮ್ಮ."

"ನಿಮ್ಮಪ್ಪ ಹೋಗಾಯ್ತು, ಇನ್ನ ಬಯ್ಯೋರು ಯಾರೂ ಇಲ್ಲ, ಅಂತ ಪ್ರೇಮುಂಗೆ ಬರೀರಿ."

ಗ್ಯಾಲರಿಗೆ ಬಂದು ಹೊಸ ಫಲಕ ಬರೆದೆ. ನೆಗೆಟಿವ್, ಸ್ಕ್ಯಾನರ್, ತಂತ್ರಾಂಶ, ಶಾಯಿ, ಗೋಣಿ, ದಾರ. ಅದರ ಕೆಳಗೆ: 'ನಡುವಿನ ಮುಖ ಗುಬ್ಬಿಯ ಪ್ರೇಮ ಅವರದು. ಕಣ್ಣು ತಂಗಿ ಸರೋಜ ಅವರದು. ತಾಯಿ ಮತ್ತು ತಂಗಿ ಈಗ ಕುಣಿಗಲ್‌ನಲ್ಲಿದ್ದಾರೆ. ನಿಮ್ಮಪ್ಪ ಹೋಗಾಯ್ತು, ಇನ್ನ ಬಯ್ಯೋರು ಯಾರೂ ಇಲ್ಲ.' ಗಂಗಾಧರಯ್ಯನವರು ಓದಿದರು. "ಇದು ಕಲಾಕೃತಿ ವಿವರಾನಾ, ಕಾಗದಾನಾ?" ಎಂದರು.

"ಮೂಲ ಎಲ್ಲಿಂದ ಅಂತ ಬರ್ದಿದೀನಿ ಸಾರ್."

ಅವರು ಇನ್ನೊಂದು ಸಲ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು. ಒಂದು ಅಲ್ಪವಿರಾಮ ತಿದ್ದಿ ವಾಪಸು ಕೊಟ್ಟರು.

ಫಲಕದ ಸುದ್ದಿ ಹೇಗೋ ಗುಬ್ಬಿಗೆ ಮುಟ್ಟಿ ಅಲ್ಲಿಂದ ಜನ ಬರತೊಡಗಿದರು. ಯಾರೋ ಅತ್ತೆಯನ್ನು ಕಂಡರು, ಯಾರೋ ತಮ್ಮನ್ನೇ ಕಂಡು ನಗುತ್ತಾ ಕೂತರು. ಒಬ್ಬರು ಮಾತ್ರ ತಮ್ಮ ತಂದೆಯ ಮುಖ ಅಲ್ಲಿರಕೂಡದು ಎಂದು ಕೂಗಾಡಿದರು. ಕಾರಣ ಹೇಳಲಿಲ್ಲ, ನಾವೂ ಕೇಳಲಿಲ್ಲ. ನಂದೀಶ ಅವರೆದುರಿಗೇ ಆ ಮುಖವನ್ನು ದಾರದಿಂದ ಹೊಲಿದು ಮುಚ್ಚಿದ. ಆಮೇಲಿಂದ ಅವನು ಯಾವ ಹಳೆಯ ಮುಖ ಬಳಸಿದರೂ ಮೊದಲು ಆ ಊರಿಗೆ ಹೋಗಿ ತೋರಿಸಿ ಕೇಳಿಕೊಂಡು ಬರುತ್ತಾನೆ. ಗ್ಯಾಲರಿಯಲ್ಲೂ ಈಗ ಅದೇ ನಿಯಮ. ಹೊಸದಾಗಿ ಈ ಕೆಲಸಕ್ಕೆ ಬರುವವರು ಅದನ್ನೊಂದು ಬಿಡಬೇಡಿ ಎಂಬುದೇ ನನ್ನ ಕೋರಿಕೆ.

ಪ್ರೇಮ ಇದುವರೆಗೆ ಬಂದಿಲ್ಲ. ಅವಳ ಕಡೆಯಿಂದ ಫೋನೂ ಬಂದಿಲ್ಲ. ಬದುಕಿದ್ದಾಳೋ ಇಲ್ಲವೋ ಯಾರಿಗೂ ಗೊತ್ತಿಲ್ಲ. 'ಊರು' ಮಾತ್ರ ಒಂದು ಪ್ರದರ್ಶನದಿಂದ ಇನ್ನೊಂದಕ್ಕೆ ಹೋಗುತ್ತಿದೆ, ಫಲಕದ ಸಮೇತ. ನಾನು ನಿವೃತ್ತಳಾದ ಮೇಲೂ ನಂಜಮ್ಮನವರು ಮಗಳ ಫೋನಿನಿಂದ ನನ್ನ ಜೊತೆ ಆಗಾಗ ಮಾತಾಡುತ್ತಾರೆ. ಹೇಗಿದ್ದೀರಿ, ಊಟ ಆಯ್ತಾ ಎಲ್ಲ ಆದ ಮೇಲೆ ಒಂದು ಪ್ರಶ್ನೆ ಕೇಳುತ್ತಾರೆ. ಆ ಪ್ರಶ್ನೆಗೆಂದೇ ಚಿತ್ರ ಈಗ ಎಲ್ಲಿದೆ ಎಂದು ಗ್ಯಾಲರಿಗೆ ಕೇಳಿಟ್ಟುಕೊಂಡಿರುತ್ತೇನೆ.

"ಈಗ ಎಲ್ಲವ್ಳೆ?"

"ಹುಬ್ಬಳ್ಳೀಲಿದಾರೆ ಅಮ್ಮ."

"ಜನ ಬತ್ತಾರಾ ಅಲ್ಲಿ?"

"ಬರ್ತಾರೆ."

"ಅಲ್ಲಿಂದ ಎಲ್ಗೆ?"

"ಬೆಳಗಾವಿಗೆ ಅಂತೆ."

"ಹೂಂ" ಅನ್ನುತ್ತಾರೆ ನಂಜಮ್ಮನವರು. "ಹುಷಾರಾಗಿ ಕರ್ಕೊಂಡೋಗಕ್ಕೆ ಹೇಳವ್ವ."